ಉಡಿಯಲ್ಲಿಟ್ಟ ಮೂರು ಫ್ಯೂಸು

ಕಲಾದಗಿ
11 ಸೆಪ್ಟೆಂಬರ್ 2024

ಪ್ರೀತಿಯ ಹನಮವ್ವ ಅತ್ತೆಯವರಿಗೆ ಭುವನೇಶ್ವರಿಯ ಶರಣು.

ಹೇಳದೆ ಕೇಳದೆ ತವರಿಗೆ ಹೋದಳು ಅಂತ ಬೈದಿರಬೇಕು. ಬೈಯಿರಿ, ಆ ಹಕ್ಕು ನಿಮಗಿದೆ. ನನ್ನ ಮನೆಯವರು ಇವತ್ತು ಹೊಟ್ಟೆ ತುಂಬ ಉಂಡು ನನ್ನ ಮೇಲೆ ರೇಗುತ್ತ ಓಡಾಡುತ್ತಿದ್ದಾರೆಂದರೆ ಅದು ನಿಮ್ಮ ಪುಣ್ಯ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ.

ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮೂರಿನ ವಿದ್ಯುತ್ ಸಹಕಾರಿ ಸಂಘ ನೋಡಿ ನಗುತ್ತಿದ್ದೆ. ಕಂಬ ಊರಿನವು, ತಂತಿ ಊರಿನದು, ಕರೆಂಟು ಹೋದರೆ ಬೈಯಲು ಹೊರಗಿನವರು ಯಾರೂ ಇಲ್ಲ. ನಿಮ್ಮ ಮಾವ ಅಮಾತೆಪ್ಪನವರು ಮನೆಮನೆಗೆ ತಿರುಗಿ ಸದಸ್ಯರನ್ನು ಕೂಡಿಸಿದ್ದು, ಟ್ರಾನ್ಸ್‌ಫಾರ್ಮರಿಗೆ ತಮ್ಮ ಹಿತ್ತಲನ್ನೇ ಬಿಟ್ಟುಕೊಟ್ಟದ್ದು ನೀವು ನೂರು ಸಲ ಹೇಳಿದ್ದೀರಿ. ಪದ್ಧತಿಯೂ ಅವರದೇ. ಲೈನ್‌ಮನ್ (ಈಗ ನನ್ನವರು) ಕಂಬ ಹತ್ತುವ ಮುಂಚೆ ತಂತಿಯ ಕರೆಂಟು ಕಡಿಯಲು ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸು ಕಿತ್ತು ನಿಮ್ಮ ಮನೆಯ ಹೆಂಗಸಿನ ಉಡಿಯಲ್ಲಿ ಹಾಕಬೇಕು, ಇಳಿದ ಮೇಲೆ ಅವನೇ ಬಂದು ಕೇಳಬೇಕು. ಬಸುರಿಗೆ ಉಡಿ ತುಂಬಿದ ಹಾಗೆ ಇದೆಂಥ ಶಾಸ್ತ್ರ ಎಂದು ಆಡಿಕೊಂಡಿದ್ದೆ.

ಹೋದ ಮಂಗಳವಾರ ನನ್ನವರು ಕೆರೆಯ ಕಡೆಯ ಕಂಬದ ಮೇಲಿದ್ದರು. ನನ್ನ ಹಿಟ್ಟಿನ ಗಿರಣಿಯ ಮುಂದೆ ಜನ ಪಾಳಿ ಹಚ್ಚಿ ಅವಸರ ಮಾಡುತ್ತಿದ್ದರು. ಗಿರಣಿಯ ಕೆಲಸದ ಜುಬೇರ ನಿಮ್ಮ ಬಾಗಿಲಿಗೆ ಬಂದು, ಕಂಬದ ಕೆಲಸ ಮುಗಿದಿದೆ, ಫ್ಯೂಸು ಕೊಡಬೇಕಂತೆ ಎಂದ. ನೀವು ಜೋಳ ಹಸನು ಮಾಡುತ್ತ ತಲೆಯೆತ್ತದೆ ಹೇಳಿದಿರಂತೆ, "ಇಟ್ಟಾವ ಬಂದು ಕೇಳ್ಲಿ. ಅಲ್ಲಿತನಕಾ ಯಾರು ಬಂದ್ರೂ ಕೊಡಂಗಿಲ್ಲ."

ಆ ಹೊತ್ತಿಗೆ ನನ್ನವರ ಎರಡೂ ಕೈ ತಂತಿಯ ಮೇಲಿದ್ದವು.

ಅರ್ಧ ತಾಸಿನ ಮೇಲೆ ಅವರು ಬೆವರು ಒರೆಸುತ್ತ ಬಂದು ಕೇಳಿದಾಗ ಉಡಿಯಿಂದ ತೆಗೆದುಕೊಟ್ಟಿರಿ. ನನ್ನ ತಾಳಿ ನಿಮ್ಮ ಉಡಿಯಲ್ಲಿತ್ತು ಅತ್ತೆ. ಊರಿಗೆ ಬಂದ ದಿನ ಇಳಕಲ್ ಸೀರೆ ತಂದು ನಿಮ್ಮ ಉಡಿ ತುಂಬುತ್ತೇನೆ, ಬೇಡ ಅನ್ನಬಾರದು.

ಊರೆಲ್ಲ ಜುಬೇರನನ್ನು ಬೈಯುತ್ತಿದೆಯಂತೆ. ಭಾನುವಾರ ಸಭೆ ಕರೆದು ಅವನನ್ನು ಸಂಘದಿಂದ ಹೊರಹಾಕುತ್ತಾರಂತೆ. ಅದರ ಬಗ್ಗೆ ನಾನು ಏನು ಬರೆಯಲಿ.

ನಿಮ್ಮ ಸೊಸೆಯಂಥವಳು,
ಭುವನೇಶ್ವರಿ

ತಾ.ಕ.: ಪತ್ರ ಮಡಚಿದವಳು ಮತ್ತೆ ಬಿಚ್ಚಿದೆ. ಸುಳ್ಳು ಯಾಕೆ ಹೇಳಿದೆ ಎಂದು ಎಷ್ಟು ಕೇಳಿದರೂ ಜುಬೇರ ಬಾಯಿ ಬಿಟ್ಟಿಲ್ಲವಂತೆ. ಅವನನ್ನು ಕಳಿಸಿದವಳು ನಾನು. ಚಹಾದಂಗಡಿಯ ಮುಂದೆ ನನ್ನವರ ಗಾಡಿ ಕಂಡು, ಕೆಲಸ ಮುಗಿಸಿ ಹರಟೆ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಗಾಡಿಯನ್ನು ಬೇರೆ ಯಾರೋ ಒಯ್ದಿದ್ದರು. ನಾಲ್ಕು ಹೆಜ್ಜೆ ಹೋಗಿ ನೋಡಲಿಲ್ಲ. ಸಭೆಯಲ್ಲಿ ಈ ಪತ್ರವನ್ನು ಗಟ್ಟಿಯಾಗಿ ಓದಿಸಿ. ನಾನು ಜುಬೇರನ ಪಕ್ಕದಲ್ಲಿ ಕೂತಿರುತ್ತೇನೆ.