ಅಕ್ಕನ ಕಲ್ಲಿನ ಮುಖ

ಮಾರ್ಚ್ 4, ಸಂಜೆ

ಇವತ್ತೂ ಕ್ರೇನ್ ಬರಲಿಲ್ಲ. ಫೋನ್ ಮಾಡಿದರೆ ಡ್ರೈವರ್ "ದಾರೀಲಿದೀನಿ ಮೇಡಂ" ಅನ್ನುತ್ತಾನೆ. ಮೊನ್ನೆಯಿಂದ ದಾರಿಯಲ್ಲೇ ಇದ್ದಾನೆ ಪುಣ್ಯಾತ್ಮ. ಗುಂಡಿ ತೋಡಿ ಆಯಿತು, ತಳಕ್ಕೆ ಜಲ್ಲಿ ಹಾಕಿ ಆಯಿತು. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. "ಅಷ್ಟು ವರ್ಷ ಮಲಗಿದ ಕಲ್ಲು, ಇನ್ನೆರಡು ದಿನ ಮಲಗಿದ್ರೆ ಮೈಕೈ ನೋಯಲ್ಲ ಬಿಡಿ" ಅಂದ.

ದಿಬ್ಬದ ಕೆಳಗಿನ ಮನೆಯಿಂದ ಎರಡು ಸಲ ಟೀ ಬಂತು. ಆ ಮನೆಯ ಅಜ್ಜಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ಹದಿನೆಂಟು. "ಇಲಾಖೆಯೋರು ಕಲ್ಲು ಎತ್ತೋಕೆ ಬಂದಿದ್ದೀರೋ, ನನ್ನ ಸಕ್ಕರೆ ಡಬ್ಬ ಖಾಲಿ ಮಾಡೋಕೋ?"

ಕಲ್ಲಿನ ಕಥೆ ಹೇಳಿದರು. ಅಕ್ಕ ತಂಗಿ ಹಳ್ಳಕ್ಕೆ ನೀರಿಗೆ ಹೋದರು. ಬಿಂದಿಗೆ ಯಾರು ಹೊರಬೇಕು ಅಂತ ಜಗಳ. ಎಳೆದಾಡಿ ಬಿಂದಿಗೆ ಒಡೆಯಿತು. ನಿನ್ನ ಮುಖ ನೋಡಲ್ಲ ಅಂತ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಬ್ಬರಿಗೂ ಕರುಳು ಚುರುಕ್ ಅಂತು. ಇಬ್ಬರೂ ತಿರುಗಿದರು. ತಿರುಗಿದವರು ಹಾಗೇ ಕಲ್ಲಾದರು.

"ಅಷ್ಟು ತಿರುಗಿದೋರು ಒಂದು ಮಾತಾಡಬಾರದಿತ್ತಾ ದೊಡ್ಡಮ್ಮ?"

"ಮಾತಿಗೆ ಹೊತ್ತಾಗಲಿಲ್ಲ ಕಣಮ್ಮ. ಮುಖ ನೋಡಿಕೊಂಡ್ರಲ್ಲ, ಅದೇ ಆಯ್ತು."

ತಂಗಿಯ ಕಲ್ಲು ಹಳ್ಳದ ಕಡೆ ಈಗಲೂ ನಿಂತಿದೆ. ಅಕ್ಕನ ಕಲ್ಲು ದೊಡ್ಡಮ್ಮನ ಅಜ್ಜಿಯ ಕಾಲದಲ್ಲೇ ಬಿದ್ದದ್ದು. ನಿಂತಿದ್ದನ್ನು ಕಂಡವರು ಯಾರೂ ಉಳಿದಿಲ್ಲ. ಒಂದು ಮಗ್ಗುಲಲ್ಲಿ ಎರಡು ಗುಳಿ, ನಡುವೆ ಮೂಗಿನಂಥ ಏಣು. ಅದೇ ಮುಖವಂತೆ. ಇನ್ನೊಂದು ಮಗ್ಗುಲು ಚಪ್ಪಟೆ, ಬೆನ್ನು.

ರಿಪೋರ್ಟ್‌ನಲ್ಲಿ 'ಸ್ಥಳೀಯ ಕಥೆ' ಅಂತ ಒಂದು ಕಾಲಂ ಇದೆ. ಪುರಾತತ್ವ ಇಲಾಖೆಗೆ ಎರಡು ಸಾಲು ಸಾಕು.

ಮಾರ್ಚ್ 6

ಕ್ರೇನ್ ನಾಳಿದ್ದು ಖಂಡಿತವಂತೆ. ಖಂಡಿತ!

ಇವತ್ತು ದೊಡ್ಡಮ್ಮ ಹಳ್ಳದ ಆಚೆ ಕೈ ತೋರಿಸಿದರು. ಕೆಂಪು ಹಂಚಿನ ಮನೆ, ಈ ಕಡೆಗೊಂದು ಕಿಟಕಿ. "ನನ್ನ ತಂಗೀದು. ಇಲ್ಲಿಂದ ಕೂಗಿದ್ರೆ ಕೇಳುತ್ತೆ. ಆದ್ರೆ ಕೂಗಿ ಹನ್ನೆರಡು ವರ್ಷ ಆಯ್ತು."

ಅವರ ಅಮ್ಮನ ಕಾಯಿಲೆ ಜಾಸ್ತಿಯಾದಾಗ ತಂಗಿ ಪರ ಊರಿನಲ್ಲಿ ಮಗನ ಹತ್ತಿರ ಇದ್ದಳು. ದೊಡ್ಡಮ್ಮ ಫೋನ್ ಮಾಡುವುದು ತಡವಾಯಿತು. ಹುಷಾರಾಗ್ತಾಳೆ, ಸುಮ್ಮನೆ ಯಾಕೆ ಗಾಬರಿ ಅಂದುಕೊಂಡರು. ತಂಗಿ ಬಂದಾಗ ಎಲ್ಲ ಮುಗಿದಿತ್ತು. "ನಾನು ಕರೆಯೋವರೆಗೂ ನನ್ನ ಹೊಸಿಲು ತುಳೀಬೇಡ ಅಂದ್ಲು. ನನಗೂ ರೋಷ. ತುಳೀಲಿಲ್ಲ."

ಈಗ ಆ ತಂಗಿಗೆ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾರಂತೆ. ಚಿಕ್ಕವರಿದ್ದಾಗ ಇಬ್ಬರೂ ಬಿದ್ದ ಕಲ್ಲಿನ ಮೇಲೆ ಜಾರುಬಂಡಿ ಆಡುತ್ತಿದ್ದರಂತೆ. ಅಕ್ಕನ ಕಲ್ಲು ಎದ್ದರೆ ನಿಮ್ಮನ್ನೂ ನೋಡುತ್ತೆ ಅಂತ ಅಮ್ಮ ಹೇಳುತ್ತಿದ್ದಳಂತೆ. "ಕಲ್ಲು ಎದ್ದ ದಿನ ಹಳ್ಳ ದಾಟಿ ಹೋಗ್ತೀನಿ. ಕಲ್ಲೇ ತಿರುಗಿ ನೋಡಿದೆ, ನಿನಗೇನೇ ಧಾಡಿ ಅಂತೀನಿ. ಕರೀದೆ ಏನ್ ಮಾಡ್ತಾಳೆ?"

ಹೊಸ ಶಾಲು ತೆಗೆದಿಟ್ಟುಕೊಂಡಿದ್ದಾರೆ. ತೋರಿಸಿದರು. ನೀಲಿ.

ಮಾರ್ಚ್ 8, ಸಂಜೆ 6

ನಿಂತಿತು! ಒಂದು ಚೂರೂ ಮುಕ್ಕಾಗಿಲ್ಲ. ಮೇಸ್ತ್ರಿ ಕಲ್ಲಿಗೆ ತಲೆ ಒರಗಿಸಿ ಉಸಿರು ಬಿಟ್ಟ. ನಿಲ್ಲಿಸುವ ಮೊದಲು ಅವನು ಮುಖ ಎತ್ತ ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಇಲಾಖೆಯ ಹಳೆಯ ಫೋಟೋ, ಗಾಜಿನ ನೆಗೆಟಿವ್‌ನಿಂದ ತೆಗೆಸಿದ್ದು. ಹಳ್ಳವನ್ನು ಎಡಕ್ಕಿಟ್ಟುಕೊಂಡು ತೆಗೆದದ್ದು ಅಂತ ಫೋಟೋದ ಹಿಂಬದಿ ಬರೆದಿದೆ, ಹಳ್ಳ ಚಿತ್ರದೊಳಗಿಲ್ಲ. ಕಲ್ಲು, ಪಕ್ಕದಲ್ಲಿ ಷರಟು ತೊಟ್ಟ ಒಬ್ಬ ಮನುಷ್ಯ. ಕಲ್ಲಿನ ಮುಖ ಬಲಕ್ಕೆ. ಅಂದರೆ ಹಳ್ಳಕ್ಕೆ ಬೆನ್ನು. ಕಥೆಗೆ ಹೊಂದುವುದಿಲ್ಲ. ಇರಲಿ, ಕಥೆ ನೋಡಿಕೊಂಡು ಕಲ್ಲು ನಿಲ್ಲಿಸಲಾಗುತ್ತದೆಯೇ? ಬುಡಕ್ಕೆ ಕಾಂಕ್ರೀಟ್ ಹಾಕಿಸಿದೆ.

ದೊಡ್ಡಮ್ಮ ನೀಲಿ ಶಾಲು ಹೊದ್ದು ಬಂದರು. ಸುತ್ತ ಒಂದು ಸಲ ಬಂದರು. "ಇದು ನನ್ನ ಮನೆ ಕಡೆ ನೋಡ್ತಿದೆಯಲ್ಲಮ್ಮ?"

ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿದರು. ಮನೆಯ ಕಡೆಗೇ ಇಳಿದು ಹೋದರು, ಹಳ್ಳದ ಕಡೆಗಲ್ಲ. ಟೀ ಬರಲಿಲ್ಲ.

ಮಾರ್ಚ್ 10, ಭಾನುವಾರ ಮಧ್ಯಾಹ್ನ

ಮನೆಯಲ್ಲಿ ಇವರ ಷರಟು ಇಸ್ತ್ರಿ ಮಾಡುತ್ತಿದ್ದೆ. ಜೇಬಿನ ಹತ್ತಿರ ಬಂದಾಗ ಕೈ ನಿಂತಿತು.

ಜೇಬು ಎಡಗಡೆ. ಎಲ್ಲರ ಜೇಬೂ ಎಡಗಡೆ.

ಓಡಿ ಹೋಗಿ ಫೋಟೋ ತೆಗೆದೆ. ಆ ಮನುಷ್ಯನ ಜೇಬು ಬಲಗಡೆ ಇದೆ. ಗುಂಡಿ ಪಟ್ಟಿಯೂ ಅದಲು ಬದಲು. ನೆಗೆಟಿವ್ ಮಗುಚಿಟ್ಟು ಪ್ರಿಂಟ್ ಹಾಕಿದ್ದಾರೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಅಂದರೆ ಕಲ್ಲಿನ ಮುಖ ಹಳ್ಳದ ಕಡೆಗೇ ಇತ್ತು. ಇದನ್ನು ಮೊದಲು ನೋಡಬೇಕು ಅಂತ ಟ್ರೇನಿಂಗ್‌ಗೆ ಬಂದವರಿಗೆಲ್ಲ ನಾನೇ ಪಾಠ ಹೇಳುತ್ತೇನೆ... ಅಯ್ಯೋ.

ಷರಟು ಸುಟ್ಟಿತು. ಇವರು "ಏನಾಯ್ತೇ" ಅಂದರು. ಏನಿಲ್ಲ ಅಂದೆ.

ಮಾರ್ಚ್ 11

ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಲ್ಲಿಗೆ ಮುಖ ಏನ್ರೀ, ಬೆನ್ನೇನು? ನಿಂತಿದೆ ತಾನೇ? ಮುಂದಿನ ತಿಂಗಳು ಉದ್ಘಾಟನೆ ಇಟ್ಕೊಂಡು ಈಗ ಮತ್ತೆ ಕ್ರೇನ್ ಅಂದ್ರೆ ನಗೆಪಾಟಲು. ರಿಪೋರ್ಟ್‌ನಲ್ಲಿ ಸಹಿ ನಿಮ್ಮದು, ನೆನಪಿರಲಿ. ಸುಮ್ನಿದ್ದುಬಿಡಿ."

ಹೊರಗೆ ಬಂದಾಗ ಎದೆ ಹಗುರವಾಗಿತ್ತು. ಅದೇ ಅಸಹ್ಯ. ಅವರೇ ಬೇಡ ಅಂದರಲ್ಲ ಅಂತ ಖುಷಿಪಟ್ಟೆ.

ಮಾರ್ಚ್ 12

ಬೇಲಿ ಕೆಲಸ ನೋಡಲು ಹೋಗಲೇಬೇಕಿತ್ತು. ತಲೆ ತಗ್ಗಿಸಿಕೊಂಡು ದಾಟಿಬಿಡೋಣ ಅಂದುಕೊಂಡೆ. ದೊಡ್ಡಮ್ಮ ಗೇಟಿನಲ್ಲೇ ಕಾಯುತ್ತಿದ್ದರು.

"ಓದಿದೋಳು ನೀನು. ಸರಿಯಾಗಿ ಹೇಳು. ಅಕ್ಕ ತಿರುಗಿ ನೋಡಲೇ ಇಲ್ವಾ?"

ಹೇಳಬಹುದಿತ್ತು. ತಪ್ಪು ನನ್ನದು ದೊಡ್ಡಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಹಿಂದೆ ಮೇಸ್ತ್ರಿ ನಿಂತಿದ್ದ, ಬೇಲಿಯವರು ನಿಂತಿದ್ದರು. "ನಮ್ಮ ದಾಖಲೆ ಪ್ರಕಾರ ಮೊದಲಿಂದ್ಲೂ ಹೀಗೇ ಇತ್ತು ದೊಡ್ಡಮ್ಮ" ಅಂದೆ. ನನ್ನ ಬಾಯಿಂದಲೇ ಬಂತು. ದನಿಯೂ ನಡುಗಲಿಲ್ಲ.

"ಹಾಗಾದ್ರೆ ಅಮ್ಮ ಹೇಳಿದ್ದು ಸುಳ್ಳು" ಅಂದರು. "ಮಕ್ಕಳು ಜಗಳ ಆಡದಿರ್ಲಿ ಅಂತ ಕಟ್ಟಿದ ಕಥೆ." ನಕ್ಕರು ಕೂಡ. ಆಮೇಲೆ ಟೀಗೆ ಕರೆದರು. ಹಾಳಾದವಳು ನಾನು, ಕುಡಿದೆ. ನೀಲಿ ಶಾಲು ಮಡಿಸಿ ಬೀರುವಿನ ಮೇಲಿಟ್ಟಿದ್ದು ಕಾಣುತ್ತಿತ್ತು.

ಮಾರ್ಚ್ 25

ಬರೆಯಲು ಮುಖವಿಲ್ಲ. ಆ ಕಡೆ ಹೋಗಿಲ್ಲ. ಜ್ವರ ಅಂದೆ, ಮೀಟಿಂಗ್ ಅಂದೆ.

ಮೇಸ್ತ್ರಿ ಫೋನ್ ಮಾಡಿದ್ದ, ಬೇಲಿಯ ವಿಷಯಕ್ಕೆ. ಮಾತಿನ ನಡುವೆ, "ಆಚೆ ಮನೆ ಅಮ್ಮಂಗೆ ತುಂಬ ಸೀರಿಯಸ್ ಅಂತೆ ಮೇಡಂ. ಕಲ್ಲು ಎತ್ತಿದ ಮಾರನೇ ದಿನ ಕಿಟಕೀಲಿ ನೋಡಿ, ಅಕ್ಕ ನನಗೆ ಬೆನ್ನು ಹಾಕಿ ನಿಂತ್ಲಾ ಅಂದ್ರಂತೆ. ಮಂಚ ಗೋಡೆ ಕಡೆ ತಿರುಗಿಸಿ ಅಂದ್ರಂತೆ."

ಆ ಕಿಟಕಿಯಿಂದ ಏನು ಕಾಣುತ್ತದೆ ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಮಾರ್ಚ್ 26, ಸಂಜೆ 7. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ

ಹೇಳಿದೆ. ಜೇಬಿನಿಂದ ಹಿಡಿದು ಎಲ್ಲ. ಸುಳ್ಳು ಹೇಳಿದ್ದನ್ನೂ.

ದೊಡ್ಡಮ್ಮ ಹುರುಳಿಕಾಯಿ ಸೋಸುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ನನ್ನ ಮನೇಲಿ ಟೀ ಕುಡಿದೆಯಲ್ಲೇ" ಅಂದರು, ಅಷ್ಟೇ. ಎದ್ದು ಶಾಲು ಹೊದ್ದರು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ. ಬೇಡವಂತೆ. "ಹೊಸಿಲು ತುಳೀಬೇಡ ಅಂದಿದ್ದಾಳೆ. ನೀನು ಹೋಗಿ ಮಂಚ ತಿರುಗಿಸು. ನಾನು ಕಲ್ಲಿನ ಮುಂದೆ ನಿಂತಿರ್ತೀನಿ. ಅವಳು ನೋಡ್ಲಿ. ಕೈ ಎತ್ತಿ ಬಾ ಅಂದ್ರೆ ಬರ್ತೀನಿ."

"ಅವರಿಗೆ ಆಗದಿದ್ರೆ?"

"ಕಾಯ್ತೀನಿ. ನಾನು ಕಾಯಿಸಿಲ್ವಾ ಅವಳನ್ನ?"

ಹೋದೆ. ತಂಗಿಯ ಸೊಸೆಯೂ ನಾನೂ ಸೇರಿ ಮಂಚ ಎಳೆದೆವು. ಚಿಕ್ಕಮ್ಮ ಅಂದೆ. ಕಿವಿಯ ಹತ್ತಿರ ಬಾಗಿ, ಕಲ್ಲು ತಿರುಗಿಸಿದ್ದು ನಾನು, ನಿಮ್ಮಕ್ಕ ಅಲ್ಲ ಅಂದೆ. ಕಣ್ಣು ಮುಚ್ಚಿತ್ತು. ಉಸಿರು ಮಾತ್ರ. ನೆನ್ನೆಯಿಂದ ಹೀಗೇ, ಯಾರಿಗೂ ಓಗೊಡುತ್ತಿಲ್ಲ ಅಂದಳು ಸೊಸೆ. ನೀರು ತರಲು ಒಳಗೆ ಹೋದಳು.

ಕಿಟಕಿಯಲ್ಲಿ ದಿಬ್ಬ. ಕಲ್ಲಿನ ಚಪ್ಪಟೆ ಬೆನ್ನು. ಅದರ ಮುಂದೆ ನೀಲಿ ಶಾಲು. ಎರಡೂ ಕೈ ಇಳಿಬಿಟ್ಟು, ಶಿಕ್ಷೆಗೆ ನಿಲ್ಲಿಸಿದ ಸ್ಕೂಲ್ ಹುಡುಗಿಯ ಹಾಗೆ ನಿಂತಿದ್ದರು. ಬಿಸಿಲು ಇಳಿಯುತ್ತಿತ್ತು. ಅವರ ಮಂಡಿ ನೋವು ನನಗೆ ಗೊತ್ತು. ಅವರು ಅಲುಗಲಿಲ್ಲ. ಮತ್ತೆ ಚಿಕ್ಕಮ್ಮ ಅಂದೆ. ಇಲ್ಲ. ಮತ್ತೆ ಅಂದೆ.

ಆಗ ಚಿಕ್ಕಮ್ಮನ ಕೈ ಹಿಡಿದುಕೊಂಡೆ. ಕಿಟಕಿಯ ಎತ್ತರಕ್ಕೆ ಎತ್ತಿದೆ. ನನ್ನ ಕೈ ಗೋಡೆಯ ಮರೆಯಲ್ಲಿತ್ತು. ಬಾ ಬಾ ಅನ್ನುವ ಹಾಗೆ ಆಡಿಸಿದೆ.

ದೊಡ್ಡಮ್ಮ ಓಡಿದರು! ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಕಾಲುಸೇತುವೆ ದಾಟಿ. ಹೊಸಿಲಲ್ಲಿ ಒಂದು ಕ್ಷಣ ನಿಂತರು, ಆಮೇಲೆ ದಾಟಿದರು. "ಬಂದೆ ಕಣೇ, ಬಂದೆ. ಕತ್ತೆ, ಇಷ್ಟು ದಿನ ಬೇಕಿತ್ತೇನೇ ಕೈ ಎತ್ತೋಕೆ." ಆ ಕೈಯನ್ನೇ ಕೆನ್ನೆಗೆ ಒತ್ತಿಕೊಂಡರು.

ನಾನು ಹೊರಗೆ ಬಂದುಬಿಟ್ಟೆ.

ಮಾರ್ಚ್ 29

ಚಿಕ್ಕಮ್ಮ ಹೋದರು. ಬೆಳಿಗ್ಗೆ. ಕಣ್ಣು ಬಿಡಲೇ ಇಲ್ಲವಂತೆ. ದೊಡ್ಡಮ್ಮ ಪಕ್ಕದಲ್ಲೇ ಇದ್ದರಂತೆ, ಮೂರು ದಿನವೂ ಮನೆಗೆ ಹೋಗಿಲ್ಲ.

ನೋಡಲು ಹೋಗಿದ್ದೆ. ಬಂದವರಿಗೆಲ್ಲ ಅದೊಂದನ್ನೇ ಹೇಳುತ್ತಿದ್ದರು. "ಅವಳೇ ಕೈ ಎತ್ತಿ ಕರೆದ್ಲು." ನನ್ನನ್ನು ಕಂಡು, "ಇವಳನ್ನೇ ಕೇಳಿ, ಪಕ್ಕದಲ್ಲಿದ್ಲು" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. ಸೊಸೆ ಮಾತ್ರ ನನ್ನನ್ನು ನೋಡಲಿಲ್ಲ.

ಏಪ್ರಿಲ್ 13

ಸಾಹೇಬರ ಮುಂದೆ ಲಿಖಿತವಾಗಿ ಒಪ್ಪಿಕೊಂಡ ಮೇಲೆ ಕ್ರೇನ್‌ಗೆ ಅನುಮತಿ ಸಿಕ್ಕಿತು. ಮೆಮೊ ಬರುತ್ತದೆ. ಬರಲಿ. ಕಾಂಕ್ರೀಟ್ ಒಡೆಯಲು ಎರಡು ದಿನ. ಇವತ್ತು ಸಂಜೆ ಕಲ್ಲು ತಿರುಗಿ ನಿಂತಿತು. ಗುಳಿಗಳಲ್ಲಿ ನೆರಳು ತುಂಬಿಕೊಂಡು, ಸುಮ್ಮನೆ ಹೇಳಬಾರದು, ಮುಖವೇ. ತಂಗಿಯ ಕಲ್ಲನ್ನು ನೋಡುತ್ತಿದೆ. ಆಚೆ ಮನೆಯ ಕಿಟಕಿ ಮುಚ್ಚಿತ್ತು.

ದೊಡ್ಡಮ್ಮ ಎಲ್ಲರಿಗೂ ಟೀ ತಂದರು. ನನಗೂ. ಕೆಲಸದವರು ಇಳಿದು ಹೋಗುವವರೆಗೂ ಕಾದರು. ಆಮೇಲೆ ಕಲ್ಲಿಗೆ ಅಂಗೈ ಆನಿಸಿಕೊಂಡು, ಕಿಟಕಿಯ ಕಡೆ ನೋಡುತ್ತಾ ಕೇಳಿದರು. "ಮೂರು ದಿನ ಹಿಡ್ಕೊಂಡಿದ್ದೆ ಆ ಕೈನ. ಒಂದು ಬೆರಳೂ ಆಡಲಿಲ್ಲ. ಅವತ್ತು ಅವಳೇ ತಾನೇ ಎತ್ತಿದ್ದು? ಈ ಸಲ ನಿಜ ಹೇಳು ಮಗಳೇ."

ನಾನು ಟೀ ಲೋಟ ಕೆಳಗಿಟ್ಟೆ. ದೊಡ್ಡಮ್ಮ, ಅಂದೆ. ಅವತ್ತು—