ದೇವಕ್ಕನ ಕಬಡ್ಡಿ

ಅಪ್ಪಾ,

ಕಣ್ಣು ಕಾಣದ ನಮ್ಮ ದೇವಕ್ಕ ಇವತ್ತು ರಂಗಂಪೇಟೆಯಲ್ಲಿ ಕಬಡ್ಡಿ ಆಡಿದಳು. ಅವಳಿಗೆ ಕೇಳಿಸಲೆಂದು ಎದುರಿನ ಹುಡುಗಿಯರು ಕಾಲಿಗೆ ಗೆಜ್ಜೆ ಕಟ್ಟಿಕೊಂಡಿದ್ದರು. ನೀನು ತೀರಿಕೊಂಡ ಮೇಲೆ ಮೂಲೆ ಸೇರಿದ್ದ ನಿನ್ನ ಎತ್ತುಗಳ ಗೆಜ್ಜೆಯೇ ಅವು.

ಅಕ್ಕ ಗೆರೆ ದಾಟಿ ಹೋದಾಗ ಎದುರು ತಂಡದ ಮರಿಲಿಂಗಮ್ಮ ಬಗ್ಗಿ ತನ್ನ ಗೆಜ್ಜೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದಳು. ಅಕ್ಕ ನಿಂತುಬಿಟ್ಟಳು. ಬಾಯಿಬಿಟ್ಟು ಕೇಳಿದರೆ ಔಟು. ಅವಳ ‘ಕಬಡ್ಡಿ ಕಬಡ್ಡಿ’ ಸಣ್ಣಗಾಗುತ್ತಾ ಬಂತು.

“ಗೆಜ್ಜಿ ಬಿಡು, ಇಲ್ಲಂದ್ರ ಆಟ ಬಿಟ್ಟು ನಡಿ,” ಅವರ ನಾಯಕಿ ಬಾಲಮ್ಮನೇ ಗದರಿದಳು.

ಗೆಜ್ಜೆ ಸದ್ದಾಯಿತು. ಅಕ್ಕ ಅತ್ತ ನೆಗೆದು ಮುಟ್ಟಿದಳು. ತಿರುಗುವಷ್ಟರಲ್ಲಿ ಎಲ್ಲರೂ ಸೇರಿ ಎಳೆದು ಕೆಡವಿದರು. ನಾವು ಸೋತೆವು.

ಊರ ಪಕ್ಕ ಕಾಲುವೆ ಬಂದ ವರ್ಷದಿಂದ “ಬಿದ್ದೀ ಮಗಳ, ಒಳಗ ಕೂಡು” ಎಂದು ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ ನೀನು.

ಇವತ್ತು ಬಿದ್ದಳು, ಅಪ್ಪಾ. ಮೊಣಕಾಲಿನ ಮಣ್ಣು ತೊಳೆಯಲು ಅವ್ವನಿಗೆ ಇನ್ನೂ ಬಿಡುತ್ತಿಲ್ಲ.