ಅತ್ತೆಯ ಹೊಸ ಕಾಲು

ಅತ್ತೆಗೆ ನಮಸ್ಕಾರ.

ನಿಮಗೆ ಮಾಡಿಕೊಟ್ಟ ಕೃತಕ ಕಾಲಿನಲ್ಲಿ, ಮಂಡಿಯ ಕೆಳಗೆ ಉಳಿದ ನಿಮ್ಮ ಕಾಲು ಕೂರುವ ಬಟ್ಟಲನ್ನು ಕಂಪ್ಯೂಟರಿನಲ್ಲಿ ಮತ್ತೆ ಪರೀಕ್ಷಿಸಿದೆ. ಬಟ್ಟಲು ಗಟ್ಟಿ, ಅದರೊಳಗಿನ ಮಾಂಸ ಮೆತ್ತಗೆ. ಎರಡೂ ಒಂದಕ್ಕೊಂದು ತಾಗುವ ಲೆಕ್ಕ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಒಮ್ಮೆ ಪರದೆಯ ಮೇಲೆ ಮಾಂಸ ಬಟ್ಟಲನ್ನೇ ತೂರಿಕೊಂಡು ಹೊರಬಂತು, ಇನ್ನೊಮ್ಮೆ ಲೆಕ್ಕ ಅರ್ಧಕ್ಕೇ ನಿಂತಿತು. ಇವತ್ತು ಸರಿಯಾಗಿ ಮುಗಿದಾಗ ಮಂಡಿಯ ಕೆಳಗಿನ ಮೂಳೆಯ ಅಂಚೆಲ್ಲ ಕೆಂಪು. ಕೆಂಪೆಂದರೆ ಒತ್ತಡ ಅತಿಯಾಗಿದೆ ಎಂದರ್ಥ.

ಅಲ್ಲಿ ಹುಣ್ಣಾಗಿರಲೇಬೇಕು. ಕೇಳಿದಾಗಲೆಲ್ಲ "ಹೂವಿನ ಹಾಗಿದೆ ಕಣಮ್ಮ" ಅಂದಿರಿ. ಅಡುಗೆಗೆ ಉಪ್ಪು ಕಮ್ಮಿಯಾದರೆ ಮುಖದ ಮೇಲೇ ಹೇಳುವವರು ನೀವು! ಸೊಸೆ ಮಾಡಿದ್ದೆಂದು ಹಲ್ಲು ಕಚ್ಚಿಕೊಂಡು ನಡೆಯಬೇಡಿ. ಈಗಲೇ ಕಳಚಿಟ್ಟು ಊರುಗೋಲು ಹಿಡಿಯಿರಿ. ಭಾನುವಾರ ಬಂದು ಹೊಸ ಅಳತೆ ತೆಗೆಯುತ್ತೇನೆ. ಈ ಸಲ ನೋವಾದರೆ ಅಲ್ಲೇ ಬೈದುಬಿಡಿ.

ನಿಮ್ಮ ಸೊಸೆ